ಹೊರೆ ಹೇರಿ ಒಂದು ಸುತ್ತು

“ಬ್ರೇಕಿಗೆ ಯಾಕೆ ಕೈ ಹಾಕಿದೆ?”

ಹೆಂಡತಿ ತಲೆ ಎತ್ತಲಿಲ್ಲ. ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ ಶೆಡ್ಡಿನ ಗೋಡೆಗೆ ಒರಗಿಸಿದ್ದಳು. ಮೊಣಕೈತನಕ ಗ್ರೀಸು.

“ಸವೆದಿತ್ತು. ಬದಲಾಯಿಸಿದೆ.”

“ನನ್ನನ್ನ ಕೇಳಿದ್ಯಾ?”

“ಮನೆ ಬಾಡಿಗೆಗೆ ಕೊಡೋವಾಗ ನೀವು ನನ್ನನ್ನ ಕೇಳಿದ್ರಾ?”

ದಂಡನಾಯಕನ ಮುಖ ಕೆಂಪೇರಿತು. ದಂಡನಾಯಕ ಎಂಬುದು ಗೆಳೆಯರು ತಮಾಷೆಗೆ ಇಟ್ಟ ಹೆಸರು. ಅವನು ಮಾತ್ರ ನಿಜವೆಂದೇ ನಂಬಿದ್ದ. ಮೋಟಾರ್ ಸೈಕಲ್ಲಿನಲ್ಲಿ ದೇಶದ ಗಡಿ ದಾಟಿ, ಮರಳುಗಾಡು ದಾಟಿ, ಒಂದು ವರ್ಷ ಒಬ್ಬನೇ ಸುತ್ತಿ ಬರುತ್ತೇನೆಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದ. ಅದರ ಖರ್ಚಿಗೆ ಮನೆ ಬಾಡಿಗೆಗೆ ಹೋಗಿತ್ತು. ಸೋಮವಾರ ಬಾಡಿಗೆಯವರು ಬರುತ್ತಾರೆ. ಅಷ್ಟರೊಳಗೆ ಹೆಂಡತಿ ಅವಳ ಅಣ್ಣನ ಮನೆ ಸೇರಬೇಕು. ತಾಯಿ ಅವನ ಅಕ್ಕನ ಮನೆಯ ಸಾಮಾನು ಕೋಣೆ ಸೇರಬೇಕು. ಇಬ್ಬರನ್ನೂ ಒಂದು ಮಾತು ಕೇಳುವ ಗೋಜಿಗೆ ಅವನು ಹೋಗಿರಲಿಲ್ಲ.

ಗಾಡಿಯಾದರೂ ಅವನದಲ್ಲ. ಮೆಕ್ಯಾನಿಕ್ ಆಗಿದ್ದ ಮಾವ ಸಾಯುವ ಮುಂಚೆ ಮಗಳಿಗೆ ಗಾಡಿಯನ್ನೂ ಕೊಟ್ಟಿದ್ದ, ತನ್ನ ಕೈಕೆಲಸವನ್ನೂ ಕಲಿಸಿದ್ದ. ದಂಡನಾಯಕ ಸ್ಪ್ಯಾನರ್ ಹಿಡಿಯುತ್ತಿದ್ದದ್ದು ಫೋಟೋಗೆ ಮಾತ್ರ. ಹೊಸ ಚೈನು, ಕ್ಲಚ್ ವೈರು, ದೊಡ್ಡ ಟ್ಯಾಂಕು, ಪೆಟ್ಟಿಗೆ ಕೂರಿಸಲು ಕಬ್ಬಿಣದ ಚೌಕಟ್ಟು, ಎಲ್ಲ ಅವಳೇ ಮಾಡಿದ್ದು. ಬೈಯುವುದು ಅವನ ಪಾಲಿನ ಕೆಲಸ.

“ಹಿಂದಿನ ಸೀಟು ಕಿತ್ತುಹಾಕು ಅಂದಿದ್ನಲ್ಲ?”

“ಟೆಂಟು ಪೆಟ್ಟಿಗೆ ಮೇಲೆ ಕಟ್ತೀನಿ. ಸೀಟು ಇರ್ಲಿ.”

“ಓಹೋ, ಹಿಂದೆ ಕೂತ್ಕೊಂಡು ಬರೋ ಕನಸಾ?”

“ನಿಮ್ಮ ಹಿಂದೆ? ಇಲ್ಲಪ್ಪ.”

ಅವಳು ಚಕ್ರ ಕೂರಿಸಿದ ಮೇಲೆ ಅವನು ಗಾಡಿ ಹತ್ತಿ ಕುಲುಕಿ ನೋಡಿದ. ಗಾಡಿ ಜಗ್ಗಲಿಲ್ಲ.

“ಸ್ಪ್ರಿಂಗು ಕಲ್ಲಿನ ಹಾಗಿದೆಯಲ್ಲೇ! ನನ್ನ ಸೊಂಟ ಮುರೀಬೇಕು ಅಂತಾನಾ?”

“ಹೊರೆ ಬಿದ್ದ ಮೇಲೆ ಸರಿಹೋಗುತ್ತೆ.”

ಸ್ಪ್ಯಾನರ್ ಡಬ್ಬಿಯನ್ನು ಒದ್ದು ಅವನು ಒಳಗೆ ಹೋದ. ಹೆಬ್ಬೆರಳು ಊದಿಕೊಂಡಿತು. ಅದಕ್ಕೂ ಅವಳನ್ನೇ ಬೈದ.

ಅಡುಗೆಮನೆಯಲ್ಲಿ ತಾಯಿ ಈರುಳ್ಳಿ ಹೆಚ್ಚುತ್ತಿದ್ದಳು. ಅತ್ತೆ ಸೊಸೆಯರದು ಹಾವು ಮುಂಗುಸಿಯ ನಂಟು ಎಂಬುದು ಅವನ ಲೆಕ್ಕ. ದಿನಾ ಸಂಜೆ ಶೆಡ್ಡಿನಿಂದ ಇಬ್ಬರ ದನಿಯೂ ಏರಿ ಕೇಳುತ್ತಿತ್ತು. ಏನು ಜಗಳವೆಂದು ಅವನು ಎದ್ದು ನೋಡಿದವನಲ್ಲ. ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದ, ಅಷ್ಟೆ.

“ಮಗಾ, ಒಂದು ಮಾತು ಹೇಳ್ಲಾ? ಕೋಪ ಮಾಡ್ಕೋಬೇಡ.”

“ಬೇಗ ಹೇಳಮ್ಮ.”

“ಇರೋ ಸೂರು ಹೋದ ಹೆಂಗಸು ಅವಳು. ಬ್ರೇಕು ಅವಳ ಕೈಯಲ್ಲಿದೆ.”

ಈ ಯೋಚನೆ ಅವನಿಗೂ ಬಂದಿತ್ತು. ಇನ್ನೊಬ್ಬರ ಬಾಯಲ್ಲಿ ಬಂದಾಗ ಬೇರೆಯೇ ಆಗಿ ಕೇಳಿತು.

“ಬೇರೆ ಮೆಕ್ಯಾನಿಕ್ಕಿಗೆ ತೋರಿಸ್ತೀನಿ.”

“ನಿಂತ ಗಾಡಿ ನೋಡಿ ಅವನೇನು ಹೇಳ್ತಾನೆ, ನನ್ನ ತಲೆ? ದೂರ ಹೋಗೋರು ಮೊದಲು ಪೂರ್ತಿ ಹೊರೆ ಹೇರಿ ಒಂದು ಸುತ್ತು ಓಡಿಸಿ ನೋಡ್ತಾರೆ ಅಂತ ನೀನೇ ಹೇಳಿದ್ಯಲ್ಲ? ಆ ಸುತ್ತು ಅವಳೇ ಹೋಗ್ಲಿ. ಒಂದು ಸಾಮಾನೂ ಬಿಡದೆ ಹೇರಿಸು. ಇಳಿಜಾರಿನ ತಿರುವಿನಲ್ಲಿ ನಾನು ನಿಂತಿರ್ತೀನಿ. ಬ್ರೇಕು ಹಿಡಿಯುತ್ತೋ ಇಲ್ವೋ ಕಣ್ಣಾರೆ ನೋಡ್ತೀನಿ.”

“ನಿನ್ನ ಮಂಡಿನೋವು?”

“ಜೀವಕ್ಕಿಂತ ಮಂಡಿ ಹೆಚ್ಚಾ?”

ಈ ಮನೆಯಲ್ಲಿ ತನಗೆಂದು ಇರುವವಳು ಇವಳೊಬ್ಬಳೇ ಎಂದುಕೊಂಡ. ಸಾಮಾನು ಕೋಣೆಯ ನೆನಪು ಆಗಲೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಎದ್ದದ್ದೇ ಕಿರುಚುತ್ತ. ಟೆಂಟು, ಸ್ಟೌವು, ನೀರಿನ ಕ್ಯಾನು, ಟ್ಯೂಬುಗಳು, ಔಷಧಿಯ ಚೀಲ, ಎಲ್ಲವನ್ನೂ ಅವಳ ಕೈಯಲ್ಲೇ ಕಟ್ಟಿಸಿದ. ತಾಯಿ ಆಗಲೇ ತಿರುವಿನ ಕಡೆ ಹೊರಟಿದ್ದಳು. ಬಿಸಿಲಿದ್ದರೂ ಮೈಮೇಲೆ ದಪ್ಪ ಸ್ವೆಟರು, ಕಾಲಿಗೆ ಬೂಟು. ವಯಸ್ಸಾದವರ ಚಳಿ ಎಂದುಕೊಂಡ.

ಹೆಂಡತಿ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಳು.

“ನಿಜವಾಗ್ಲೂ ನಾನೇ ಓಡಿಸ್ಬೇಕಾ?”

“ಯಾಕೆ, ಭಯಾನಾ? ನೀನೇ ಹಾಕಿದ ಬ್ರೇಕು ಅಲ್ವಾ? ಹತ್ತು!”

“ಎಲ್ಲೀತನಕ ಹೋಗ್ಲಿ?”

“ಗಾಡಿ ಮೇಲೆ ನಂಬಿಕೆ ಬರೋತನಕ ಹೋಗು! ಅದನ್ನೂ ನಾನೇ ಹೇಳಿಕೊಡ್ಬೇಕಾ?”

“ಸರಿ,” ಎಂದಳು. ಹೆಲ್ಮೆಟ್ ಹಾಕಿಕೊಂಡಳು. ಒಂದೇ ಒದೆತಕ್ಕೆ ಎಂಜಿನ್ನು ಗುಡುಗಿತು.

ಅವನು ಕಾಫಿ ಕುಡಿದ. ಇನ್ನೊಂದು ಲೋಟ ಕುಡಿದ. ಗೇಟಿನ ಮುಂದೆ ಹಾರ್ನ್ ಕೇಳಿ ಓಡಿದರೆ ಬಾಡಿಗೆಯವರ ಲಾರಿ. ಮಂಚ, ಬೀರು, ಅಳುವ ಕೂಸು ಎಲ್ಲ ಇಳಿಯುತ್ತಿದ್ದವು. “ಸಾರ್, ಜಾಗ ಬಿಡಿ,” ಎಂದ ಹಮಾಲಿ, ಬೀರುವಿನ ಮೂಲೆಯಿಂದ ಅವನನ್ನು ತಿವಿದು.

ದಂಡನಾಯಕ ಇಳಿಜಾರಿಗೆ ಓಡಿದ. ತಿರುವಿನಲ್ಲಿ ಮುರಿದ ಕಲ್ಲಿಲ್ಲ, ಜಾರಿದ ಗುರುತಿಲ್ಲ, ಜನ ಸೇರಿಲ್ಲ. ತಾಯಿಯೂ ಇಲ್ಲ. ಬ್ರೇಕು ಹಿಡಿಯದೆ ಅಮ್ಮನ ಮೇಲೇ ಹಾಯಿಸಿಬಿಟ್ಟಳೇ? ಯಾರಾದರೂ ಆಸ್ಪತ್ರೆಗೆ ಹೊತ್ತೊಯ್ದರೇ? ಹೆಂಡತಿಯ ನಂಬರು ಒತ್ತಿದ. ಆ ಕಡೆ ಗಾಳಿಯ ಅಬ್ಬರ.

“ನನ್ನ ಅಮ್ಮನಿಗೆ ಏನು ಮಾಡಿದ್ಯೇ, ಪಾಪಿ?”

“ಕಿರುಚಬೇಡ್ವೋ, ನಾನೇ ಮಾತಾಡ್ತಿರೋದು,” ಎಂದಳು ತಾಯಿ. “ಅವಳು ಓಡಿಸ್ತಿದ್ದಾಳೆ. ಫೋನ್ ಇಡು, ನಾನು ಎರಡು ಕೈಲೂ ಅವಳ ಸೊಂಟ ಹಿಡ್ಕೋಬೇಕು.”