ಯಶೋದೆಯ ಪದ ಯಾರಿಗೆ ಬರುತ್ತೆ?

ಹಾಲ್ ಬಾಡಿಗೆ ಹದಿನೆಂಟು ಸಾವಿರ... ಫ್ಲೆಕ್ಸ್‌ಗೆ ಆರು ಸಾವಿರ... ಹೂವು, ಮೈಕು, ಬಂದವರಿಗೆ ಉಪ್ಪಿಟ್ಟು-ಕಾಫಿ... ಎಲ್ಲ ಸೇರಿ ಐವತ್ತು ಸಾವಿರ ದಾಟಿತು.

ಜಯಸಿಂಹ ಹಿಂದೆ ಮುಂದೆ ನೋಡಲಿಲ್ಲ. ಹಾಸನದಲ್ಲಿ ಅವನದು ದೊಡ್ಡ ರೇಷ್ಮೆ ಸೀರೆ ಅಂಗಡಿ. ಊರಿನ ಸಂಗೀತ ಸಭೆಗೂ ಅವನೇ ಕಾರ್ಯದರ್ಶಿ.

ಖರ್ಚು ನುಡಿನಮನದ್ದು. ತೀರಿಕೊಂಡವರು ಅವನ ಗುರುಗಳು, ಸುಬ್ಬನರಸಿಂಹ ಶಾಸ್ತ್ರಿಗಳು.

ಸಂಗೀತ, ಸಂಸ್ಕೃತ ಕಾವ್ಯ ಎರಡನ್ನೂ ಅರೆದು ಕುಡಿದವರು... ಹಾಡು ನಿಲ್ಲಿಸಿ ಅರ್ಥ ಹೇಳುವರು, ಅರ್ಥ ಹೇಳುತ್ತ ಹೇಳುತ್ತ ಮತ್ತೆ ಹಾಡಿಗೆ ಜಾರುವರು.

ಯಾರಾದರೂ ತಪ್ಪು ಹಾಡಿದರೆ ಬೈಯುತ್ತಿರಲಿಲ್ಲ. "ಏನೋ ಇದು, ನಿನ್ನ ರಾಗಕ್ಕೆ ಹಲ್ಲುನೋವು ಬಂದಿದೆಯಲ್ಲೋ!" ಎಂದು ನಗುತ್ತಿದ್ದರು.

ನುಡಿನಮನದ ಹಿಂದಿನ ದಿನ ಅವರ ಹೆಂಡತಿ ವೆಂಕಲಕ್ಷ್ಮಮ್ಮ ಫೋನ್ ಮಾಡಿದರು.

"ಜಯಸಿಂಹ, ಭಾಷಣ ಯಾರು ಬೇಕಾದ್ರೂ ಮಾಡ್ಲಪ್ಪ. ಕೊನೇಲಿ ಆ ಯಶೋದೆ ಪದ ಒಂದು ಹಾಡಿಸಿಬಿಡು. ನಂಗಷ್ಟು ಸಾಕು."

"ಅದೇನು ದೊಡ್ಡದು ಬಿಡಿ ಅಮ್ಮ... ಹಾಡಿಸೋಣ."

ಕತ್ತಲಾದರೂ ಮನೆಗೆ ಬಾರದ ಕೃಷ್ಣನನ್ನು ತಾಯಿ ಕರೆಯುವ ಸಂಸ್ಕೃತ ಪದ ಅದು. ಸಾಹಿತ್ಯ ಶಿಷ್ಯರೆಲ್ಲರ ಹತ್ತಿರವೂ ಇತ್ತು. ಆದರೆ ಹಾಡುವ ಧಾಟಿ ಮಾತ್ರ ಶಾಸ್ತ್ರಿಗಳಿಗೆ ಅವರ ಗುರುಗಳ ಬಾಯಿಂದಲೇ ಬಂದದ್ದು.

ಸ್ವರ ಹಾಕಿಕೊಡಿ ಎಂದರೆ ಒಪ್ಪುತ್ತಿರಲಿಲ್ಲ. "ತಾಯಿ ಕೂಗೋದನ್ನ ಬರೆಯೋಕಾಗುತ್ತೇನೋ? ಎದುರಿಗೆ ಬಂದು ಕೂತ್ಕೋ, ಬರುತ್ತೆ."

ಜಯಸಿಂಹ ಹಿರಿಯ ಶಿಷ್ಯೆ ರಾಜಲಕ್ಷ್ಮಿಗೆ ಫೋನ್ ಹಚ್ಚಿದ. ಅವರು ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುವವರು.

"ಅಕ್ಕ, ನಾಳೆ ಯಶೋದೆ ಪದ ನೀವು ಹಾಡಿ."

"ನಾನಾ? ನಂಗೆ ಪಲ್ಲವೀನೂ ನೆಟ್ಟಗೆ ಬರಲ್ಲಪ್ಪ... ಅವರ ಮನೆ ಹಿಂದಿನ ಬೀದೀಲಿರೋನು ನೀನು. ನೀನು ಕಲ್ತಿದ್ದೀಯ ಅಂದ್ಕೊಂಡಿದ್ದೆ!"

ರೇಡಿಯೋದಲ್ಲಿ ಹಾಡುವ ವಿಠಲನನ್ನು ಕೇಳಿದ. ವಿಠಲ ನಕ್ಕ. "ಅದನ್ನ ರಾಜಲಕ್ಷ್ಮಕ್ಕಂಗೆ ಹೇಳ್ಕೊಟ್ಟಿದ್ದಾರೆ ಕಣೋ. ಅವರನ್ನ ಹಿಡಿ."

"ಇಲ್ವಂತೆ..."

ಆ ಕಡೆ ನಗು ನಿಂತುಹೋಯಿತು.

ಉಳಿದ ಶಿಷ್ಯರದ್ದೂ ಅದೇ ಉತ್ತರ... ಪ್ರತಿಯೊಬ್ಬರೂ ಇನ್ನೊಬ್ಬರು ಕಲಿತಿದ್ದಾರೆ ಎಂದು ನೆಮ್ಮದಿಯಾಗಿದ್ದರು.

ಶಾಸ್ತ್ರಿಗಳೇನೂ ಸುಮ್ಮನಿರಲಿಲ್ಲ. ಎರಡು ವರ್ಷದಿಂದ ಕೇಳುತ್ತಲೇ ಇದ್ದರು. "ಯಾವಾಗ ಬರ್ತೀಯೋ ಜಯಸಿಂಹ? ಆ ಪದ ಒಂದು ಉಳ್ಕೊಂಡಿದೆ."

"ನಿಮ್ಮ ಸನ್ಮಾನದ ಓಡಾಟದಲ್ಲೇ ಇದ್ದೀನಿ ಗುರುಗಳೇ. ಅದೊಂದು ಮುಗೀಲಿ."

"ಶಾಲು ಬೇಕಾದಷ್ಟಿದೆ ಕಣೋ ನನ್ನ ಹತ್ರ... ಹಾಕ್ಕೊಳ್ಳೋಕೆ ಮೈ ಇಲ್ಲ."

ಆಗ ಜಯಸಿಂಹ ಜೋರಾಗಿ ನಕ್ಕಿದ್ದ.

ಸನ್ಮಾನ! ತಟ್ಟನೆ ನೆನಪಾಯಿತು. ಅವತ್ತು ಶಾಸ್ತ್ರಿಗಳು ಮೈಕ್ ಮುಂದೆ ಅದೇ ಪದ ಎತ್ತಿಕೊಂಡಿದ್ದರಲ್ಲ... ವಿಡಿಯೋ ಇರಲೇಬೇಕು!

ವಿಡಿಯೋದವನಿಗೆ ಹೇಳಿ ಹುಡುಕಿಸಿದ. ಮರುದಿನ ಬೆಳಿಗ್ಗೆ ಕ್ಲಿಪ್ ಬಂತು. ತಾನೂ ತೆರೆದು ನೋಡದೆ ಗುರುಗಳ ಮನೆಗೆ ಓಡಿದ.

"ಅಮ್ಮ, ಸಿಕ್ಕಿತು! ಅವರ ಬಾಯಲ್ಲೇ ಕೇಳಿ."

ವೆಂಕಲಕ್ಷ್ಮಮ್ಮ ಸೆರಗಲ್ಲಿ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತರು.

ವಿಡಿಯೋದಲ್ಲಿ ಶಾಸ್ತ್ರಿಗಳು ಕಣ್ಣು ಮುಚ್ಚಿ ಕೂತಿದ್ದರು. "ಏಹಿ..." ಎಂದು ಎತ್ತಿಕೊಂಡರು. 'ಬಾ' ಎಂದು ಅರ್ಥ.

ಅಷ್ಟರಲ್ಲಿ ಒಂದು ಕೈ ಅಡ್ಡ ಬಂದು ಮೈಕ್ ಮುಚ್ಚಿತು. "ಗುರುಗಳೇ, ಮಂತ್ರಿಗಳು ಹೊರಡಬೇಕಂತೆ. ಹಾಡು ಇನ್ನೊಂದ್ಸಲ ಇಟ್ಕೊಳ್ಳೋಣ."

ಶಾಸ್ತ್ರಿಗಳು ಕಣ್ಣು ಬಿಟ್ಟರು. "ಆಗ್ಲಪ್ಪ, ಆಗ್ಲಿ" ಎನ್ನುತ್ತ ಹಿಂದೆ ಸರಿದರು. ಚಪ್ಪಾಳೆ ಬಿತ್ತು... ವಿಡಿಯೋ ಮುಗಿಯಿತು.

ಆ ಕೈ ಜಯಸಿಂಹನದು.

ಅವತ್ತು ಎಷ್ಟು ಜನರ ಮೈಕ್ ಮುಚ್ಚಿದ್ದನೋ... ಗುರುಗಳ ಬಾಯಿ ಮುಚ್ಚಿಸಿದ್ದು ಅವನಿಗೆ ನೆನಪೇ ಇರಲಿಲ್ಲ.

ವೆಂಕಲಕ್ಷ್ಮಮ್ಮ ಬೈಯಲಿಲ್ಲ. ಮೆಲ್ಲಗೆ ಹೇಳಿದರು. "ಇದು ಮೊದಲನೇ 'ಏಹಿ' ಕಣಪ್ಪ, ಗದರೋದು. ಎರಡನೇದು ಗೋಗರೆಯೋದು. ಮೂರನೇದು... ಮಗು ಇನ್ನು ಬರೋದೇ ಇಲ್ವೇನೋ ಅನ್ನೋ ಭಯ. ಅದನ್ನ ಕೇಳಿ ನಾನು ಒಲೆ ಮುಂದೆ ಕೂತೇ ಅಳ್ತಿದ್ದೆ."

"ನೀವಾದ್ರೂ ಹೇಳ್ಕೊಡಿ ಅಮ್ಮ... ಹೇಗೆ ಬಂದ್ರೂ ಸರಿ..."

ಆಕೆ ಬಾಯಿ ತೆರೆದರು. ಒಂದು ಉಸಿರು ಬಂತು, ದನಿ ಬರಲಿಲ್ಲ. "ಕಿವೀಲಿದೆ ಕಣೋ... ಗಂಟಲಿಗೆ ಬರ್ತಿಲ್ಲ."

ಜಯಸಿಂಹ ಅವರ ಕಾಲ ಬಳಿ ಕೂತು ಅತ್ತ.

"ಏಳು," ಎಂದರು ವೆಂಕಲಕ್ಷ್ಮಮ್ಮ. "ಹಾಲ್‌ಗೆ ಜನ ಬಂದಿರ್ತಾರೆ."

ನುಡಿನಮನ ನಡೆಯಿತು. ಮಾತಾಡಿದವರೆಲ್ಲ "ತುಂಬಲಾರದ ನಷ್ಟ" ಎಂದರು. ಏನು ನಷ್ಟ ಎಂದು ಒಬ್ಬರೂ ಹೇಳಲಿಲ್ಲ.

ಕೊನೆಗೆ ಜಯಸಿಂಹ ಎದ್ದ. "ಅಮ್ಮ ಒಂದೇ ಒಂದು ಪದ ಕೇಳಿದ್ರು. ಗುರುಗಳು ಕರೆದು ಕರೆದು ಹೇಳ್ಕೊಡ್ತೀನಿ ಅಂದಿದ್ದ ಪದ... ನಮ್ಮಲ್ಲಿ ಯಾರಿಗೂ ಬರಲ್ಲ."

ಅಷ್ಟು ಹೇಳಿ ಕೂತ. ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

ಸಾಹಿತ್ಯ ಇವತ್ತಿಗೂ ಶಿಷ್ಯರೆಲ್ಲರ ಮನೆಯಲ್ಲಿದೆ. ಧಾಟಿ ಶಾಸ್ತ್ರಿಗಳ ಜೊತೆಗೇ ಹೋಯಿತು. ಇನ್ನು ಅದು ಯಾರಿಗೂ ಸಿಗುವುದಿಲ್ಲ.

ಹಿರಿಯರಿಗೆ ಹಾರ ಹಾಕುವ ಮೊದಲು, ಅವರೆದುರು ಸ್ವಲ್ಪ ಹೊತ್ತು ಕೂತುಕೊಳ್ಳಿ.

ನಿಮ್ಮ ಹಿರಿಯರಿಗೆ ಗೊತ್ತಿರುವ ಯಾವ ವಿದ್ಯೆಯನ್ನು, "ಬೇರೆ ಯಾರೋ ಕಲಿತಿರುತ್ತಾರೆ" ಎಂದು ನೀವು ಬಿಟ್ಟುಬಿಟ್ಟಿದ್ದೀರಿ...?