ಕೊನೆಯ ಕಂಬದಾಚೆ

"ನಮಗೇನೂ ಬೇಡ ಬಿಡಿ. ಬುಡ್ಡಿ ಇದೆ, ಬೆಂಕಿಪೊಟ್ಟಣ ಇದೆ. ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆದು ನಾವು ಬೆಳಕು ಕಾಣಬೇಕಿಲ್ಲ," ಎಂದು ಮುದುಕ ಥಿಯೋಫಿಲ್ ಎದ್ದು ನಿಂತುಬಿಟ್ಟ. ಮಾರ್ನ್ ಸೆರಿನ್ ಗುಡ್ಡದಲ್ಲಿ ಅವನ ಮಾತಿಗೆ ಎದುರಾಡುವವರಿಲ್ಲ. ಪುಟ್ಟ ಚರ್ಚಿನ ಬೆಂಚುಗಳಲ್ಲಿ ಕೂತಿದ್ದ ಜನ ತಲೆ ತಗ್ಗಿಸಿದರು.

ದ್ವೀಪದಲ್ಲಿ ಚಂಡಮಾರುತ ಬಂದುಹೋಗಿ ತಿಂಗಳುಗಳೇ ಆಗಿದ್ದವು. ಕೆಳಗೆ ರೇವಿನ ಹೋಟೆಲುಗಳು ಮತ್ತೆ ಜಗಮಗಿಸುತ್ತಿದ್ದವು. ಗುಡ್ಡದ ಕರೆಂಟು ಕಂಬಗಳು ಮಾತ್ರ ಬಾಳೆತೋಟಗಳಲ್ಲಿ ಮುರಿದುಬಿದ್ದಲ್ಲೇ ಬಿದ್ದಿದ್ದವು. ಈ ಲೈನನ್ನು ಶಾಶ್ವತವಾಗಿ ಕೈಬಿಡಲು ಅನುಮತಿ ಕೊಡಿ ಎಂದು ವಿದ್ಯುತ್ ಕಂಪನಿ ಸರ್ಕಾರದ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಿತ್ತು. ವಿಚಾರಣೆ ರಾಜಧಾನಿಯಲ್ಲಿ ನಡೆಯಬೇಕಿತ್ತು. ಆದರೆ ಆಯೋಗದ ಅಧ್ಯಕ್ಷೆ ಇಗ್ನೇಷಿಯಾ ಪ್ರಾಸ್ಪರ್, "ಯಾರ ಮನೆ ಕತ್ತಲಾಗತ್ತೋ ಅವರ ಎದುರಿಗೇ ಕೇಳೋಣ," ಎಂದು ಕಂಪನಿಯ ಮ್ಯಾನೇಜರನ್ನೂ ಹೊರಡಿಸಿಕೊಂಡು ಬಂದಿದ್ದರು. ಸೇತುವೆ ಕೊಚ್ಚಿಹೋಗಿದ್ದಲ್ಲಿ ಜೀಪು ಬಿಟ್ಟು, ಇಬ್ಬರೂ ಏದುಸಿರು ಬಿಡುತ್ತ ಗುಡ್ಡ ಹತ್ತಿದ್ದರು.

ಮ್ಯಾನೇಜರ್ ಬೆಲೋ ಕೆಟ್ಟವನೇನಲ್ಲ. ಇದ್ದದ್ದನ್ನೇ ಹೇಳಿದ್ದ. "ಇಲ್ಲಿರೋದು ಬೆರಳೆಣಿಕೆಯ ಮನೆಗಳು. ಲೈನು ಎಳೆದರೆ ಆ ಖರ್ಚನ್ನ ಎಲ್ಲರ ಬಿಲ್ಲಿಗೂ ಹಂಚಬೇಕಾಗತ್ತೆ. ರೇವಿನಲ್ಲಿ ಮೀನು ಮಾರೋ ಹೆಂಗಸು ನಿಮ್ಮ ದೀಪಕ್ಕೆ ದುಡ್ಡು ಕಟ್ಟಬೇಕು." ಆ ಮಾತು ಥಿಯೋಫಿಲ್‌ಗೆ ಚುಚ್ಚಿತ್ತು. ಹುಟ್ಟಿದಾಗಿನಿಂದ ಅವನು ಯಾರ ಹತ್ತಿರವೂ ಒಂದು ಗೆಣಸನ್ನೂ ಸಾಲ ಕೇಳಿದವನಲ್ಲ.

ಪಕ್ಕದಲ್ಲಿದ್ದ ಹೆಂಡತಿ ಒಡೀಲ್ ಅವನ ಕೋಟು ಹಿಡಿದು ಜಗ್ಗಿದಳು.

"ಕೂತ್ಕೋ ಮಹಾರಾಯ. ನಿನ್ನ ಮರ್ಯಾದೆ ನನ್ನ ಇನ್ಸುಲಿನ್ನ ತಣ್ಣಗಿಡತ್ತಾ?"

ಯಾರೋ ಕಿಸಕ್ಕೆಂದರು. ಒಡೀಲ್ ನಗದೆ ಅಧ್ಯಕ್ಷೆಗೆ ಹೇಳಿದಳು: "ಮಣ್ಣಿನ ಮಡಕೇಲಿ ನೀರು ಹಾಕಿ ಇಡ್ತಾ ಇದೀನಮ್ಮಾ. ಈ ಸೆಖೆಗೆ ಅಲ್ಲೂ ಔಷಧಿ ಕೆಟ್ಟುಹೋಯ್ತು. ಕಣ್ಣು ಕತ್ತಲೆ ಬಂದು ಬಿದ್ದಾಗ ನನ್ನನ್ನ ಕುರ್ಚಿಗೆ ಕಟ್ಟಿ ಕೆಳಗೆ ಹೊತ್ಕೊಂಡು ಹೋದರು. ಮುಂದೆ ಹೆಗಲು ಕೊಟ್ಟಿದ್ದು ಇವನೇ. ದಾರಿಯುದ್ದಕ್ಕೂ ಗೊಳೋ ಅಂತ ಅತ್ತ. ಈಗ ನೋಡಿ, ಬುಡ್ಡಿ ಇದೆಯಂತೆ!"

ನಗು ಹಾಗೇ ಅಡಗಿತು. ಇಗ್ನೇಷಿಯಾ ಥಿಯೋಫಿಲ್‌ಗೆ ಮೆಲ್ಲನೆ ಹೇಳಿದರು: "ಯಜಮಾನ್ರೇ, ನೀವು ಬೇಡ ಅಂದ್ರೂ ನಾನು ಒಪ್ಪೋ ಹಾಗಿಲ್ಲ."

"ಅದ್ಯಾಕೆ? ನನ್ನ ಮನೆ, ನನ್ನಿಷ್ಟ."

"ಸ್ವಿಚ್ಚು ಹಾಕೋದು ಬಿಡೋದು ನಿಮ್ಮಿಷ್ಟ. ಲೈನು ಎಲ್ಲರದು. ನಾಳೆ ಇಲ್ಲಿ ಹುಟ್ಟೋ ಕೂಸಿನ ಪರವಾಗಿ ಬೇಡ ಅನ್ನೋಕೆ ನಿಮಗೂ ಅಧಿಕಾರ ಇಲ್ಲ, ನನಗೂ ಇಲ್ಲ." ಆಮೇಲೆ ಮ್ಯಾನೇಜರ್ ಕಡೆ ತಿರುಗಿದರು. "ಬೆಲೋ ಅವರೇ, ಈ ದ್ವೀಪದಲ್ಲಿ ನಿಮ್ಮನ್ನ ಬಿಟ್ಟು ಬೇರೆ ಯಾರಾದರೂ ಕರೆಂಟು ಮಾರಬಹುದಾ?"

"ಇಲ್ಲ ಮೇಡಂ. ಪರವಾನಗಿ ನಮಗೊಬ್ಬರಿಗೇ."

"ಅದನ್ನ ತಗೊಳ್ಳೋವಾಗ, ಈ ಗುಡ್ಡ ಬಿಟ್ಟು ಮಿಕ್ಕಿದ್ದು ಕೊಡಿ ಅಂತ ಕೇಳಿದ್ರಾ?"

ಬೆಲೋ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ.

"ಲಾಭದ ಬಯಲು ನಿಮಗೆ, ನಷ್ಟದ ಗುಡ್ಡ ದೇವರಿಗೆ ಅಂದ್ರೆ ಆಗಲ್ಲ. ಇನ್ನು ಆ ಮೀನು ಮಾರೋಳ ಬಿಲ್ಲಿಗೆ ಕೈ ಹಾಕೋಕೂ ನಾನು ಬಿಡಲ್ಲ. ಹೋಟೆಲುಗಳಿಗೆ ಎರಡನೇ ಲೈನು ಎಳೆಯೋಕೆ ಹಣ ತೆಗೆದಿಟ್ಟಿದ್ದೀರಲ್ಲ, ಅದು ಮೊದಲು ಇಲ್ಲಿಗೆ ಬರಲಿ."

"ಹೋಟೆಲಿನವರು ಸುಮ್ನಿರಲ್ಲ ಮೇಡಂ."

"ಅವರಿಗೆ ಒಂದು ಲೈನು ಆಗಲೇ ಇದೆ. ಎರಡನೇದಕ್ಕೆ ಕಾಯಲಿ. ಈ ತಾಯಿ ಎಷ್ಟು ದಿನ ಅಂತ ಕಾಯ್ತಾರೆ?"

ಹಾಗೆಯೇ ಆಯೋಗದ ಆದೇಶ ಬಂತು. ಸರ್ಕಾರದವರು ಏನಿದ್ದರೂ ವೋಟಿನ ಕಾಲಕ್ಕೆ ಬಂದು ಕೈಮುಗಿದು ಹೋಗುವವರು ಎಂದೇ ತಿಳಿದಿದ್ದ ಥಿಯೋಫಿಲ್‌ಗೆ ಆ ಹೆಂಗಸನ್ನು ಮರೆಯಲಾಗಲಿಲ್ಲ. ಏನೂ ದಾನ ಕೊಡಲು ಬಂದವಳಲ್ಲ. ನಿನ್ನದು ನಿನಗೆ ಬರಲೇಬೇಕು ಎಂದು ಅವನನ್ನೇ ಗದರಿಸಿ ಹೋದವಳು. ಲಾರಿ ಬರಲಾಗದ ಕಡೆ ಊರಿನವರು ಕಂಬಗಳಿಗೆ ಹೆಗಲು ಕೊಟ್ಟರು. ಥಿಯೋಫಿಲ್ ಮಚ್ಚು ಹಿಡಿದು ಮುಂದೆ ಮುಂದೆ ದಾರಿ ಬಿಡಿಸುತ್ತ ನಡೆದ. ಹಾಳು ಮುದುಕ, ನಿಧಾನ ನಡಿ ಎಂದು ಒಡೀಲ್ ಹಿಂದಿನಿಂದ ಬೈಯುತ್ತಲೇ ಇದ್ದಳು.

ಕರೆಂಟು ಬಂದದ್ದು ಉರಿಬಿಸಿಲಿನಲ್ಲಿ. ಬಲ್ಬು ಹೊತ್ತಿದ್ದು ಯಾರಿಗೂ ಕಾಣಲಿಲ್ಲ. ಒಳಗೆ ಫ್ರಿಜ್ಜು ಗುಂಯ್ ಎಂದಾಗಲೇ ಒಡೀಲ್ ಕೂಗಿಕೊಂಡದ್ದು. ಅಂಗಳದಲ್ಲಿದ್ದವರೆಲ್ಲ ಒಳಗೆ ನುಗ್ಗಿದರು.

ಥಿಯೋಫಿಲ್ ಹೊರಗೇ ಉಳಿದ. ಲೈನ್‌ಮನ್ ಕಂಬದಿಂದ ಇಳಿದು ಹಗ್ಗ ಸುತ್ತಿಕೊಳ್ಳುತ್ತಿದ್ದ.

"ಮುಗೀತು ಅಜ್ಜಾ. ಇದೇ ಕೊನೆ ಕಂಬ. ಇನ್ನು ಆರಾಮಾಗಿರಿ."

ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ಗುಡ್ಡದ ನೆತ್ತಿಯ ಕಾಡಿನಂಚಿನಲ್ಲಿ ತಗಡಿನ ಸೂರೊಂದು ಮಿಂಚುತ್ತಿತ್ತು. ಇದ್ದಿಲು ಸುಡುವವರ ಮನೆ ಅದು. ಅಲ್ಲಿಗೆ ಲೈನು ಯಾವತ್ತೂ ಹೋಗಿದ್ದೇ ಇಲ್ಲ.

"ಆಯೋಗದ ಆ ಅಮ್ಮನ ಫೋನ್ ನಂಬರು ನಿನ್ಹತ್ರ ಇದ್ಯೇನಪ್ಪಾ?"

"ಯಾಕಜ್ಜಾ? ನಿಮಗೆ ಬಂತಲ್ಲ."

"ಅಲ್ಲೊಂದು ಮನೆ ಇದೆ."

ಲೈನ್‌ಮನ್ ತಿರುಗಿ ನೋಡಿ ನಕ್ಕ. "ಅವರು ಯಾವತ್ತೂ ಕೇಳೇ ಇಲ್ವಲ್ಲ?"

"ಕೇಳಬಹುದು ಅಂತ," ಥಿಯೋಫಿಲ್ ಹೇಳಿದ, "ಅವರಿಗಿನ್ನೂ ಯಾರೂ ಹೇಳಿಲ್ಲ."