ಹೊಸ್ತಿಲಿಗೆ ಅಡ್ಡ

ಗಿರಿಜಾಂಬಿಕಾ ಬೀಸಿದ ಹಿತ್ತಾಳೆ ಚೊಂಬು ಅಪ್ಪನ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ಪುಸ್ತಕದ ಮೇಲೆ ತೂಕಡಿಸುತ್ತಿದ್ದ ಮಗಳ ಮುಖಕ್ಕೆ ಏಕಾಂತಯ್ಯ ಅದೇ ಚೊಂಬಿನಿಂದ ತಣ್ಣೀರು ಎರಚಿದ್ದ. ಎಸೆದವಳೇ ಮೂಲೆ ಸೇರಿ ಗಡಗಡ ನಡುಗುತ್ತ ಅಳತೊಡಗಿದಳು.

"ನೋಡ್ದೇನವ್ವಾ?" ಏಕಾಂತಯ್ಯ ತಾಯಿಯತ್ತ ತಿರುಗಿದ. "ಇದು ಗಾಳೀನೇ. ಅನ್ನ ಮುಟ್ಟಲ್ಲ, ಇಸ್ಕೂಲಲ್ಲೂ ಸುಮ್‌ಸುಮ್ನೆ ಅಳ್ತಾಳಂತೆ. ಅಮಾಸೆ ದಿನ ಗಾಳಿ ಬುಡ್ಸೋರ ತಾವ ಕರ್ಕೊಂಡೋಯ್ತೀನಿ."

ಗುರುಶಾಂತಮ್ಮ ಹುಡುಗಿಯ ಒದ್ದೆ ಮುಖವನ್ನು ಸೆರಗಿನಿಂದ ಒರೆಸಿದಳು. ಗಾಳಿ ಬಿಡಿಸುವವನ ಬೇವಿನ ಬರಲಿನ ಏಟು ಎಂಥದ್ದೆಂದು ಮುದುಕಿಗೆ ಗೊತ್ತು. ಅಲ್ಲಿಂದ ಬಂದ ಹೆಣ್ಣುಮಗುವನ್ನು ಊರು ಯಾವ ಕಣ್ಣಿನಿಂದ ನೋಡುತ್ತದೆಂದೂ ಗೊತ್ತು. ಮೊಮ್ಮಗಳ ಗುಳಿಬಿದ್ದ ಕಣ್ಣುಗಳನ್ನು ದಿಟ್ಟಿಸಿದಳು. ಕೋಳಿ ಕೂಗುವ ಮುಂಚೆ ಎಬ್ಬಿಸಿದರೆ ಓದಿದ್ದು ತಲೆಗೆ ಹತ್ತುತ್ತದೆಂದು ದೀಪಾವಳಿಯಿಂದಲೂ ಮಗ ಹಿಡಿದ ವ್ರತ. ರಾತ್ರಿ ಸೀಮೆಣ್ಣೆ ತೀರುವವರೆಗೆ ಓದಿಸುವುದು ಬೇರೆ.

"ಲೇ ಏಕಾಂತ, ಅಟ್ಟದ ಮೇಲಿನ ಕಾಯಿ ವರ್ಷಗಟ್ಲೆ ಅಲ್ಲಾಡ್ದಂಗೆ ಮಲಗಿದ್ರೇ ಕೊಬ್ರಿ ಅಂತ ಆಳುಗಳ್ನ ಏಣಿ ಮುಟ್ಟೋಕೂ ಬುಡಲ್ಲ ನೀನು. ಈ ಎಳೇ ಜೀವಕ್ಕೆ ಒಂದು ರಾತ್ರಿ ಪೂರ್ತಿ ಕೊಟ್ಟಿದೀಯಾ? ಅವಳ್ಗೆ ಹಿಡ್ದಿರೋದು ಗಾಳಿಯಲ್ಲ ಕಣ್ಲಾ, ನೀನು!"

"ಓದ್ದೇ ಇದ್ರೆ ಹತ್ತನೇ ಕ್ಲಾಸು ನೀನ್ ಪಾಸ್ ಮಾಡಿಸ್ತೀಯಾ?" ಎಂದು ಅವನು ಸಿಡುಕಿದ.

ಅಂದು ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಗುರುಶಾಂತಮ್ಮ ಮೊಮ್ಮಗಳನ್ನು ಕೋಣೆಯಲ್ಲಿ ಮಲಗಿಸಿ, ತಾನು ಹೊಸ್ತಿಲಿಗೆ ಅಡ್ಡ ಕಂಬಳಿ ಹಾಸಿಕೊಂಡಳು. ನಸುಕಿಗೆ ಚೊಂಬು ಹಿಡಿದು ಬಂದ ಮಗ ಥಟ್ಟನೆ ನಿಂತ.

"ಏಳವ್ವ, ದಾರಿ ಬುಡು."

"ದಾಟ್ಕೊಂಡೋಗಪ್ಪಾ. ಹೆತ್ತವಳ್ನ ದಾಟ್ದೋರು ಯಾರಾದ್ರೂ ಉದ್ಧಾರ ಆಗಿದ್ರೆ ನೀನೂ ಆಗು."

ಏಕಾಂತಯ್ಯ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಮರುದಿನವೂ ಬಂದ, ಮರುದಿನವೂ ಗೊಣಗಿಕೊಂಡು ಹಿಂದಿರುಗಿದ. ಒಳಗೆ ಮೊಮ್ಮಗಳ ಉಸಿರು ಏರಿಳಿಯುವ ಸದ್ದು ಮುದುಕಿಗೆ ಪೂಜೆಯ ಹೊತ್ತಿನ ಹಾಡಿನಂತೆ ಕಿವಿ ತುಂಬುತ್ತಿತ್ತು. ಕೆಲವು ದಿನ ಕಳೆದ ಮೇಲೆ ಹುಡುಗಿ ಎರಡನೇ ಮುದ್ದೆ ಕೇಳಿದಳು. ಒಂದು ಬೆಳಿಗ್ಗೆ ಬಾವಿಕಟ್ಟೆಯಿಂದ ಅವಳ ನಗು ಕೇಳಿಬಂತು. ವಿಭೂತಿ ಹಚ್ಚುತ್ತಿದ್ದ ಬೆರಳನ್ನು ಗುರುಶಾಂತಮ್ಮ ಹಣೆಯ ಮೇಲೇ ಮರೆತು ಕುಳಿತಳು.

ಅಮಾವಾಸ್ಯೆ ಬಂತು. ಹಟ ಬಿಡದ ಏಕಾಂತಯ್ಯ ಬೆಳಗಾಗುವ ಮೊದಲೇ ಗಾಡಿ ಹೂಡಿದ. ಒಳಗೆ ಹೋಗುವಂತಿಲ್ಲ, ಮಗಳು ತಾನಾಗಿ ಎದ್ದು ಬರಲೆಂದು ಗಾಡಿಯಲ್ಲೇ ಕಾದ. ಇಷ್ಟು ದಿನ ಅವಳಿಗಿಂತ ಮುಂಚೆ ಏಳುತ್ತಿದ್ದವನು ಹಾಗೇ ಹುಲ್ಲಿಗೆ ಒರಗಿ ಗೊರಕೆ ಹೊಡೆಯತೊಡಗಿದ.

ಬಿಸಿಲು ಅಂಗಳಕ್ಕಿಳಿದ ಮೇಲೆ ಗಿರಿಜಾಂಬಿಕಾ ಮೈಮುರಿಯುತ್ತ ಹೊರಬಂದಳು. ಹೂಡಿದ ಗಾಡಿ ಯಾತಕ್ಕೆಂದು ಅವಳಿಗೆ ತಿಳಿಯದಿರಲಿಲ್ಲ.

"ಎಬ್ಬಿಸ್ಲೇನೇ ನಿಮ್ಮಪ್ಪನ್ನ?" ಎಂದಳು ಅಜ್ಜಿ.

"ಶ್! ಬ್ಯಾಡ ಕಣಜ್ಜಿ. ಪಾಪ, ನಿದ್ದೆಗೆಟ್ಟು ಅಪ್ಪಂಗೂ ಗಾಳಿ ಹಿಡ್ದೈತೆ. ಮಲಗ್ಲಿ, ಬುಟ್ಟೋಯ್ತದೆ."

ಎತ್ತುಗಳು ತಲೆ ಕೊಡವುವ ಮೊದಲೇ ಹುಡುಗಿ ಓಡಿಹೋಗಿ ಅವುಗಳ ಕೊರಳ ಗಂಟೆಗಳನ್ನು ಎರಡು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಬಿಸಿಲಿಗೆ ಮುಖ ಕೊಟ್ಟು ನಗುತ್ತ ನಿಂತಳು.